ಹಿತ್ತಲಿನ ಬೇವೂ ಗೃಹಸ್ಥನ ಧರ್ಮವೂ

ಮನೆಮಾರುಗಳನ್ನು ತೊರೆದವನಿಗೆ ಶಾಸ್ತ್ರಗಳು ವಿಧಿಸಿರುವ ಅಹಿಂಸೆಯು ಕಠಿನವಾದುದಾದರೂ ಜಟಿಲವಾದುದಲ್ಲ. ಬೌದ್ಧ ವಿನಯದ ಪ್ರಕಾರ, ಬೆಳೆಯುತ್ತಿರುವ ಸಸ್ಯವನ್ನು ಕೆಡಿಸುವುದು ಭಿಕ್ಷುವಿಗೆ ದೋಷ. ಜೈನ ಮುನಿಯು ಹಸಿರು ಹುಲ್ಲನ್ನು ತುಳಿಯದೆ ಬಳಸಿ ನಡೆಯತಕ್ಕವನು. ಇವರಿಗೆ ನಿವೇಶನವಿಲ್ಲ, ನಕ್ಷೆಯಿಲ್ಲ, ಹಿತ್ತಲಿಲ್ಲ. ಗೃಹಸ್ಥನಾದರೋ ಪಾಯಕ್ಕೆಂದು ಗುದ್ದಲಿಯೆತ್ತಿದ ಕ್ಷಣದಿಂದಲೇ, ತನಗಿಂತ ಮೊದಲು ಆ ನೆಲದಲ್ಲಿ ನೆಲಸಿದ್ದ ಹುಲ್ಲು, ಹುಳು, ಗಿಡಗಂಟಿಗಳ ಅಳಿವು ಉಳಿವನ್ನು ನಿರ್ಣಯಿಸುವ ಅಧಿಕಾರವನ್ನು, ಯಾರೂ ಕೊಡದಿದ್ದರೂ, ತಾನಾಗಿ ವಹಿಸಿಕೊಂಡುಬಿಡುತ್ತಾನೆ. ಅಂಗಳಕ್ಕೆ ಯಾವ ಗಿಡ, ಪಡಸಾಲೆಯ ಕುಂಡದಲ್ಲಿ ಯಾವ ಬಳ್ಳಿ, ಗೋಡೆ ಎಲ್ಲಿ ತಿರುಗಬೇಕು ಎಂಬುವು ಅಭಿರುಚಿಯ ಪ್ರಶ್ನೆಗಳಂತೆ ತೋರಿದರೂ, ಮಾತಾಡಲಾರದ, ಕದಲಲಾರದ ಜೀವಗಳ ಪರವಾಗಿ ಆಯ್ಕೆ ಮಾಡುವವನು ಯಾವ ನಿಯಮಕ್ಕೆ ಬದ್ಧನು ಎಂಬ ಧರ್ಮಪ್ರಶ್ನೆ ಅವುಗಳೊಳಗೆ ಅಡಗಿದೆ.

ಕೊಪ್ಪಳ ಸೀಮೆಯ ಮುನಿರಾಬಾದಿನಲ್ಲಿ ಕುಳಿತು ಈ ಪ್ರಶ್ನೆಯನ್ನು ಕೇಳುವವನು ಉತ್ತರದ ಮೊದಲ ಸುಳಿವಿಗಾಗಿ ಬಹುದೂರ ಹೋಗಬೇಕಾಗಿಲ್ಲ. ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣ, ಎಂದರೆ ಇಂದಿನ ಕೊಪ್ಪಳ, ಒಂದು ಕಾಲದಲ್ಲಿ ಜೈನರ ಮಹಾತೀರ್ಥವಾಗಿತ್ತು. ಸಸ್ಯವು ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳ ಜೀವವೆಂದು ಎಣಿಸಿದ ಆ ದರ್ಶನವು, ಸಂಸಾರಿಯ ಇಕ್ಕಟ್ಟನ್ನು ಕಂಡೂ ಕಾಣದಂತೆ ಇರಲಿಲ್ಲ. ಅದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿತು: ಬೇಕೆಂದೇ ಮಾಡುವುದು ಸಂಕಲ್ಪೀ; ಮನೆವಾರ್ತೆಯಲ್ಲಿ ತಪ್ಪದೆ ಆಗುವುದು ಆರಂಭೀ; ಜೀವನೋಪಾಯದಲ್ಲಿ ಒದಗುವುದು ಉದ್ಯೋಗೀ; ಆತ್ಮರಕ್ಷಣೆಯಲ್ಲಿ ಸಂಭವಿಸುವುದು ವಿರೋಧೀ. ಶ್ರಾವಕನು, ಎಂದರೆ ಜೈನ ಗೃಹಸ್ಥನು, ಮೊದಲನೆಯದನ್ನು ಸಂಪೂರ್ಣವಾಗಿ ಬಿಡಬೇಕು. ಉಳಿದವನ್ನು ಆದಷ್ಟು ಕಿರಿದುಗೊಳಿಸಬೇಕು. ಈ ವಿಂಗಡಣೆಯ ಸೂಕ್ಷ್ಮವೇನೆಂದರೆ, ಅದು ಮನೆ ಕಟ್ಟುವವನಿಗೆ ಅನುಮತಿಯನ್ನು ಕೊಡುತ್ತದೆಯೇ ಹೊರತು ನಿರ್ದೋಷಪತ್ರವನ್ನು ಕೊಡುವುದಿಲ್ಲ. ಅನಿವಾರ್ಯವಾದ ಹಿಂಸೆಯೂ ಹಿಂಸೆಯ ಲೆಕ್ಕದಲ್ಲಿಯೇ ಉಳಿಯುತ್ತದೆ.

ಈ ಲೆಕ್ಕವು ಕೊಪ್ಪಳ ಸೀಮೆಯಲ್ಲಿ ಹೇಗೆ ಎದುರಾಗುವುದೆಂಬುದನ್ನು ನೋಡೋಣ. ಇಲ್ಲಿಯ ನೆಲ ಒಂದೆಡೆ ಕೆಂಪು ಮಸಾರಿ, ಇನ್ನೊಂದೆಡೆ ಕರಿಯ ಎರೆ. ಎರೆಮಣ್ಣು ಮಳೆಯಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ, ಗಟ್ಟಿಯಾದ ಗರಸು ಸಿಗುವವರೆಗೆ ಪಾಯವನ್ನು ಇಳಿಸದ ಮನೆಯ ಗೋಡೆಯೂ ಅದರೊಡನೆ ಬಿರಿಯುತ್ತದೆ; ನೆಲದ ಸ್ವಭಾವವನ್ನು ಕೇಳದೆ ಕಟ್ಟಿದವನಿಗೆ ನೆಲವೇ ಉತ್ತರ ಹೇಳುತ್ತದೆ. ನಿವೇಶನದ ಮೂಲೆಯಲ್ಲಿ ಹಳೆಯ ಬೇವೊಂದು ನಿಂತಿದ್ದರಂತೂ ವಿಚಾರವು ಇನ್ನೂ ಬಿಗಿಯಾಗುತ್ತದೆ. ವಾಸ್ತುವಿನ ಹೆಸರಿನಲ್ಲಿ ಇಂಥ ಮರಗಳಿಗೆ ಕೊಡಲಿ ಹಾಕಿಸುವವರುಂಟು. ಆದರೆ ವರಾಹಮಿಹಿರನ ಬೃಹತ್ಸಂಹಿತೆಯನ್ನು ತೆರೆದು ನೋಡಿದರೆ, ಮನೆಯ ಸಮೀಪದಲ್ಲಿ ಮುಳ್ಳಿನ ಮರ, ಹಾಲು ಸುರಿಯುವ ಮರಗಳು ಒಳಿತಲ್ಲವೆಂದು ಹೇಳಿದ ಆ ಶಾಸ್ತ್ರಕಾರನೇ, ಅವನ್ನು ಕಡಿಯಲೊಲ್ಲದವನು ಅವುಗಳ ಹಾಗೂ ಮನೆಯ ನಡುವೆ ಪುನ್ನಾಗ, ಅಶೋಕ, ಬೇವು, ಬಕುಳ, ಹಲಸು, ಬನ್ನಿ ಮುಂತಾದ ಪೂಜ್ಯವೃಕ್ಷಗಳನ್ನು ನೆಡಲೆಂದು ದಾರಿಯನ್ನು ತೆರೆದಿಟ್ಟಿರುವುದು ಕಾಣುತ್ತದೆ. ವಿಗ್ರಹಕ್ಕಾಗಿ ಮರವನ್ನು ಕಡಿಯುವಾಗಲೂ, ಅದರಲ್ಲಿ ವಾಸಿಸುವ ಭೂತಗಳಿಗೆ ಬಲಿಯನ್ನಿತ್ತು, ಬೇರೆಡೆಗೆ ನೆಲೆ ಬದಲಿಸಿರೆಂದು ಬೇಡಿಕೊಂಡ ಮೇಲೆಯೇ ಕೊಡಲಿ ಹಾಕಬೇಕೆಂಬುದು ಅವನ ವಿಧಿ. ಆ ಭೂತಗಳನ್ನು ನಾವು ನಂಬದಿರಬಹುದು. ಆದರೆ ಕಡಿಯುವ ಕೈಯನ್ನು ಒಂದು ರಾತ್ರಿಯ ಮಟ್ಟಿಗಾದರೂ ತಡೆದು ನಿಲ್ಲಿಸುವ ಆ ವಿಧಿಯ ಯುಕ್ತಾಯುಕ್ತತೆ ನಂಬಿಕೆಯನ್ನು ಅವಲಂಬಿಸಿಲ್ಲ.

ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿಯ ಸಸಿಯದು ಇನ್ನೂ ಕಠಿನವಾದ ಪ್ರಸಂಗ. ಹಕ್ಕಿಯ ಹಿಕ್ಕೆಯಿಂದ ಬಿದ್ದ ಬೀಜ, ಬೆರಳಷ್ಟು ಸಸಿ, ಬಿಟ್ಟರೆ ಕೆಲವೇ ವರ್ಷಗಳಲ್ಲಿ ಗೋಡೆಯನ್ನು ಸೀಳುವುದು. ಕಿತ್ತರೆ ದೇವವೃಕ್ಷವನ್ನು ಕಿತ್ತ ಪಾಪ, ಬಿಟ್ಟರೆ ಮಕ್ಕಳು ಮಲಗುವ ಮನೆಗೆ ಅಪಾಯ. ಮನೆಯ ಹಿರಿಯರು ಅದನ್ನು ಬೇರು ಹರಿಯದಂತೆ ಬಿಡಿಸಿ, ಊರ ಹೊರಗೆ, ಕೆರೆಯ ಏರಿಯ ಕಡೆಗೋ ಗುಡಿಯ ಬಯಲಿಗೋ ಒಯ್ದು ನೆಟ್ಟು ಬರುವುದುಂಟು. ತತ್ತ್ವಶಾಸ್ತ್ರದ ಗ್ರಂಥವನ್ನು ಓದದ ಆ ಕೈಗಳು ಇಲ್ಲಿ ಮಾಡುವುದು ಸೂಕ್ಷ್ಮವಾದ ವಿವೇಚನೆಯನ್ನೇ: ಜೀವವು ಪೂಜ್ಯವೆಂದ ಮಾತ್ರಕ್ಕೆ ಎಲ್ಲ ಸ್ಥಾನವೂ ಅದರದಲ್ಲ, ಸ್ಥಾನವು ನಮ್ಮದೆಂದ ಮಾತ್ರಕ್ಕೆ ಜೀವವು ನಮ್ಮದಲ್ಲ.

ಕುಂಡದ ಗಿಡದ ವಿಷಯದಲ್ಲಿ ನಮ್ಮ ಅಧಿಕಾರವು ಪೂರ್ಣವಾಗುತ್ತದೆ. ಹಿತ್ತಲಿನ ಗಿಡ ಬೇರನ್ನು ಆಳಕ್ಕಿಳಿಸಿ ನೀರನ್ನು ತಾನೇ ಹುಡುಕೀತು; ಕುಂಡದ ಗಿಡಕ್ಕೆ ನಮ್ಮ ಕೈಯೇ ಮಳೆ, ನಮ್ಮ ಕಿಟಕಿಯೇ ಸೂರ್ಯ. ಆಶ್ಚರ್ಯದ ಸಂಗತಿಯೆಂದರೆ, ಮನೆಯೊಳಗಿನ ಗಿಡಗಳು ನೀರಿಲ್ಲದೆ ಒಣಗುವುದಕ್ಕಿಂತ ಹೆಚ್ಚಾಗಿ ಅತಿನೀರಿನಿಂದ ಕೊಳೆಯುತ್ತವೆ. ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಗಾಳಿಗೆ ಎಡೆಯಿಲ್ಲದೆ ಬೇರು ಕೊಳೆತು, ಎಲೆ ಜೋಲುತ್ತದೆ. ಜೋತ ಎಲೆಯನ್ನು ಬಾಯಾರಿಕೆಯೆಂದು ಬಗೆದ ಒಡೆಯನು ಇನ್ನೂ ಒಂದು ತಂಬಿಗೆ ಸುರಿಯುತ್ತಾನೆ. ಇಲ್ಲಿ ದ್ವೇಷವಿಲ್ಲ, ಲೋಭವಿಲ್ಲ, ಇರುವುದು ಪ್ರೀತಿಯೇ. ಆದರೆ ಎದುರಿನ ಜೀವದ ಅಗತ್ಯವನ್ನು ವಿಚಾರಿಸದ ಪ್ರೀತಿ ತನ್ನ ತೃಪ್ತಿಯನ್ನೇ ಅದರ ಹಿತವೆಂದು ಭ್ರಮಿಸುತ್ತದೆ. ಮಣ್ಣಿನಲ್ಲಿ ಬೆರಳಿಟ್ಟು ತೇವವನ್ನು ನೋಡಿ ನೀರೆರೆಯುವವನು ಅಹಿಂಸೆಯ ಒಂದು ಪಾಠವನ್ನು ಅರಿತವನು. ಕರುಣೆಗೂ ಪ್ರಮಾಣಜ್ಞಾನ ಬೇಕೆಂಬುದೇ ಆ ಪಾಠ.

ಗಿಡಗಳ ಆಯ್ಕೆಯಲ್ಲಿಯೂ ಇದೇ ನ್ಯಾಯ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಕಾಣುವ ಈ ಸೀಮೆಗೆ ಬೇವು, ಹೊಂಗೆ, ದಾಳಿಂಬೆ ಒಗ್ಗುತ್ತವೆ. ಮಲೆನಾಡಿನ ಗಿಡವನ್ನು ತಂದು ಇಲ್ಲಿ ನಿಲ್ಲಿಸಿದವನು ಅದಕ್ಕೆ ಆಯುಷ್ಯವಿಡೀ ಪರಾಧೀನತೆಯನ್ನು ವಿಧಿಸಿದಂತೆ. ನೀರಿಗೇನು ಕೊರತೆ, ಮಗ್ಗುಲಲ್ಲೇ ತುಂಗಭದ್ರೆಯಿಲ್ಲವೇ ಎನ್ನಬಹುದು. ಆ ನೀರಿಗೂ ಒಂದು ಋಣವುಂಟು. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ತುಂಬಿಕೊಂಡ ಈ ಜಲಾಶಯದ ಅಡಿಯಲ್ಲಿ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಹೋಗಿ ಹೊಸದಾಗಿ ಒಲೆ ಹೂಡಿದರು. ಗಂಗಾವತಿಯ ಗದ್ದೆಗಳ ಭತ್ತಕ್ಕೂ, ಅಣೆಕಟ್ಟಿನ ಬುಡದ ಪಂಪಾವನದ ಹೂವಿಗೂ ಹರಿಯುವ ನೀರು ಯಾರದೋ ಅಂಗಳವನ್ನು, ಯಾರದೋ ತುಳಸಿಕಟ್ಟೆಯನ್ನು ಮುಳುಗಿಸಿದ ನೀರು. ಅಣೆಕಟ್ಟು ಬೇಡವಾಗಿತ್ತೆಂದು ಇದರರ್ಥವಲ್ಲ. ಉಂಡವನು ಅನ್ನದ ಋಣವನ್ನು ಮರೆಯಬಾರದೆಂದಷ್ಟೇ.

ಋಣವನ್ನು ತೀರಿಸುವ ಬಗೆ ಯಾವುದು? ಒಮ್ಮೆ ದಾನಮಾಡಿ ಕೈತೊಳೆದುಕೊಳ್ಳುವುದರಿಂದ ಅದು ತೀರದು. ಕಟ್ಟಿದ್ದಕ್ಕೂ ನೆಟ್ಟದ್ದಕ್ಕೂ ಪಾಲನೆಯೊಂದೇ ಪ್ರತಿಫಲ. 133 ಟಿ.ಎಂ.ಸಿ. ನೀರನ್ನು ಹಿಡಿಯಲೆಂದು ಕಟ್ಟಿದ ಈ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಅದರ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋಯಿತು. ಕಟ್ಟಿ ಮುಗಿಯಿತೆಂಬ ಮಾತು ಅಣೆಕಟ್ಟಿಗೂ ಸಲ್ಲದು, ಮನೆಗೂ ಸಲ್ಲದು. ಅಂತೆಯೇ 1950ರಿಂದ ದೇಶವು ವರ್ಷವರ್ಷವೂ ಆಚರಿಸುತ್ತ ಬಂದ ವನಮಹೋತ್ಸವದ ಸಸಿಗಳಲ್ಲಿ ಎಷ್ಟೋ ಸಸಿಗಳು ಮರುಬೇಸಿಗೆಯನ್ನು ಕಾಣದೆ ಒಣಗುವುದು, ನೆಡುವ ಕೈಗಳ ಕೊರತೆಯಿಂದಲ್ಲ, ನೆಟ್ಟ ಮೇಲೆ ನಿಲ್ಲುವವರ ಕೊರತೆಯಿಂದ.

ಇಷ್ಟು ವಿಚಾರಿಸಿದ ಮೇಲೆ ಗೃಹಸ್ಥನ ನಿಯಮವು ಸ್ಪಷ್ಟವಾಗುತ್ತದೆ. ಅವನಿಂದ ನಿರೀಕ್ಷಿತವಾದುದು ನಿಷ್ಕಳಂಕವಾದ ಆಯ್ಕೆಯಲ್ಲ, ಅದು ಯಾರಿಗೂ ಸಾಧ್ಯವಿಲ್ಲ. ಆಯ್ದ ಜೀವವು ಬದುಕಿರುವವರೆಗೆ ಅದಕ್ಕೆ ಹೊಣೆಯಾಗಿರುವುದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳ ಬಂಡೆಗಳಲ್ಲಿ ಅಶೋಕನು ಕೆತ್ತಿಸಿದ ಶಾಸನವೂ, ಧರ್ಮದ ಫಲ ದೊಡ್ಡವರ ಸೊತ್ತಲ್ಲ, ಚಿಕ್ಕವನ ಪ್ರಯತ್ನಕ್ಕೂ ಅದು ಎಟುಕುವುದೆಂದೇ ಸಾರುತ್ತದೆ. ಹತ್ತು ಕುಂಡಗಳನ್ನು ನೋಡಿಕೊಳ್ಳಲು ಬಿಡುವಿಲ್ಲದವನು ಎರಡನ್ನೇ ಇಟ್ಟುಕೊಳ್ಳಲಿ. ಬೇವನ್ನು ಉಳಿಸಲು ಕೋಣೆಯೊಂದು ಮೊಳ ಕಿರಿದಾಗುವುದಾದರೆ ಆಗಲಿ. ನೀರೆರೆಯುವ ಸಂಕಲ್ಪವಿಲ್ಲದವನು ನೆಡದೆ ಇರುವುದೂ ಧರ್ಮವೇ.