ಬಾಣದ ತುದಿ ಬದಲಾದಾಗ

ದಿನದ ಧಮ್ಮ ಚಿಂತನೆ



ಹೋದ ಯುಗಾದಿಗೆ ನಾಲ್ಕು ದಿನ ಇರುವಾಗ, ಸಿದ್ಧಾರ್ಥನಗರದ ನಮ್ಮ ಮನೆ ಜಗಲಿಯಲ್ಲಿ ಅಣ್ಣನ ಮಗ ಬಿಲ್ಲು ಸಿದ್ಧ ಮಾಡುತ್ತಾ ಕೂತಿದ್ದ. ಎರಡು ವರ್ಷದಿಂದ ಬಿಲ್ವಿದ್ಯೆ ಕಲಿಯುತ್ತಿದ್ದಾನೆ. ಹೆದೆಗೆ ಮೇಣ ಉಜ್ಜಿದ. ಒಂದೊಂದೇ ಬಾಣ ಉರುಳಿಸಿ ಸೊಟ್ಟಗಿದೆಯೇ ಎಂದು ನೋಡಿದ. ಕಿತ್ತುಹೋದ ಗರಿ ಅಂಟಿಸಿದ. ನೋಡಿ ನನಗೆ ಸಂತೋಷವೇ ಆಯಿತು. ಏಕಲವ್ಯನ ಹೆಬ್ಬೆರಳು ಕೇಳಿದ ಕಥೆ ಕೇಳುತ್ತಾ ಬೆಳೆದವರು ನಾವು. ನಮ್ಮ ಹುಡುಗ ಹತ್ತು ಬೆರಳೂ ಇಟ್ಟುಕೊಂಡು ಬಿಲ್ಲು ಹಿಡಿದಿದ್ದಾನೆ.

ಆಮೇಲೆ ಅವನು ಗುರಿಹಲಗೆಗೆ ಹೊಡೆಯುವ ನುಣುಪು ತುದಿಗಳನ್ನು ಬಿಚ್ಚಿ, ಬ್ಲೇಡಿನಂಥ ಅಲಗುಳ್ಳ ತುದಿಗಳನ್ನು ಹಾಕತೊಡಗಿದ. "ಇದ್ಯಾಕಪ್ಪಾ?" ಎಂದೆ. ಹಬ್ಬದ ಮಾರನೇ ದಿನ ಗೆಳೆಯನ ಊರಲ್ಲಿ ಮೊಲದ ಬೇಟೆಯಂತೆ.

1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲ ಹೊಡೆಯುವುದೂ ಅಪರಾಧ ಎಂದೆ. ಅವನು ಕೇಳಿದ: "ಕಾನೂನು ಬಿಡಿ ಚಿಕ್ಕಪ್ಪ. ಹೊಸ ತೊಡಕಿಗೆ ನೀವು ಮಟನ್ ಅಂಗಡೀಲಿ ಕ್ಯೂ ನಿಲ್ತೀರಲ್ಲ. ನಾನು ಮೊಲ ಹೊಡೆದ್ರೆ ಮಾತ್ರ ಶೀಲ ಮುರಿಯುತ್ತಾ?"

ತಕ್ಷಣ ಉತ್ತರ ಬರಲಿಲ್ಲ. ರಾತ್ರಿ 'ಬುದ್ಧ ಮತ್ತು ಆತನ ಧಮ್ಮ' ತೆರೆದೆ. ಸಿದ್ಧಾರ್ಥನೂ ಬಿಲ್ವಿದ್ಯೆ ಕಲಿತವನೇ. ಆದರೆ ಗೆಳೆಯರು ಬೇಟೆಗೆ ಕರೆದಾಗ ಹೋಗಲಿಲ್ಲ. ನಮ್ಮ ಗುರಿ ನೋಡಲಾದರೂ ಬಾ ಎಂದರೂ ಹೋಗಲಿಲ್ಲ. ಕ್ಷತ್ರಿಯನ ಧರ್ಮ ಎಂದು ಗೌತಮಿ ಹೇಳಿದರೆ, ಕೊಲ್ಲುವುದು ಧರ್ಮ ಹೇಗಾದೀತು ಎಂದು ತಿರುಗಿ ಕೇಳಿದ. ವಿದ್ಯೆ ಬಿಡಲಿಲ್ಲ, ಬೇಟೆ ಬಿಟ್ಟ.

ಅದೇ ಗ್ರಂಥದಲ್ಲಿ ಬಾಬಾಸಾಹೇಬರು ಅಹಿಂಸೆಯನ್ನು ವಿವರಿಸುವಾಗ ಕೊಲ್ಲುವ ಇಚ್ಛೆ ಬೇರೆ, ಕೊಲ್ಲುವ ಅಗತ್ಯ ಬೇರೆ ಎಂದು ಗೆರೆ ಎಳೆಯುತ್ತಾರೆ. ಬರೀ ಇಚ್ಛೆಯಿಂದ ಕೊಲ್ಲುವುದಕ್ಕೆ ಧಮ್ಮದಲ್ಲಿ ಜಾಗವಿಲ್ಲ. ಅಶೋಕ ಚಕ್ರವರ್ತಿ ಕೂಡ ಹಿಂದಿನ ರಾಜರ ಬೇಟೆಯ ವಿಹಾರಯಾತ್ರೆ ಬಿಟ್ಟು ಧಮ್ಮಯಾತ್ರೆ ಹಿಡಿದೆನೆಂದು ತನ್ನ 8ನೇ ಶಿಲಾಶಾಸನದಲ್ಲಿ ಬರೆಸಿದ. ಬಳ್ಳಾರಿಯ ಆಚೆ, ಆಂಧ್ರದ ಎರ್ರಗುಡಿಯಲ್ಲಿ ಆ ಶಾಸನ ಇಂದಿಗೂ ಇದೆ.

ಬೆಳಿಗ್ಗೆ ಹುಡುಗನಿಗೆ ಹೇಳಿದೆ: "ಹೆದೆಗೆ ಮೇಣ ಉಜ್ಜಿದ್ದು, ಬಾಣ ನೆಟ್ಟಗೆ ಮಾಡಿದ್ದು ವಿದ್ಯೆಗೆ. ಅಲಗು ಹಾಕಿದ್ದು ಯಾತಕ್ಕೆ? ಮನೇಲಿ ಹಸಿವಿಲ್ಲ, ಮೊಲ ನಿನ್ನ ಬೆಳೆ ತಿಂದಿಲ್ಲ. ಉಳಿಯೋದು ಇಚ್ಛೆ ಒಂದೇ. ಶೀಲ ಮುರಿಯೋದು ಮೊಲ ಬಿದ್ದಾಗ ಇರಬಹುದು. ಅದರ ದಾರಿ ಶುರುವಾಗಿದ್ದು ತುದಿ ಬದಲಾಯಿಸಿದಾಗಲೇ."

"ಮಟನ್?" ಎಂದ.

"ಅದು ಅಗತ್ಯ ಅಂತ ನಾನು ಸುಳ್ಳು ಹೇಳಲ್ಲ. ಅದು ನನ್ನ ಅಭ್ಯಾಸ. ನಿನ್ನ ಪ್ರಶ್ನೆ ನನ್ನ ಮೇಲೆ ಇದ್ದೇ ಇರಲಿ" ಎಂದೆ.

ಅವನು ಮಾತಾಡಲಿಲ್ಲ. ಸಂಜೆ ನೋಡಿದರೆ ಬಾಣಗಳಿಗೆ ಹಳೇ ತುದಿ ಬಂದಿದ್ದವು. ಆ ವರ್ಷ ಹೊಸ ತೊಡಕಿಗೆ ನಾನೂ ಕ್ಯೂ ನಿಲ್ಲಲಿಲ್ಲ. ಮುಂದೆ ನಿಲ್ಲುವುದೇ ಇಲ್ಲ ಎಂದು ಹೇಳುವಷ್ಟು ಗಟ್ಟಿ ನಾನಿನ್ನೂ ಆಗಿಲ್ಲ. ಆದರೆ ಕೇಳದೆ ನಿಲ್ಲುವುದಿಲ್ಲ.

ಬಂಧುಗಳೇ, ದೊಡ್ಡ ತಪ್ಪಿಗೂ ಮೊದಲು ಒಂದು ಸಣ್ಣ ತಯಾರಿ ಇರುತ್ತದೆ. ಕೈ ಇನ್ನೂ ಜಗಲಿಯಲ್ಲಿರುವಾಗಲೇ ನಿಲ್ಲಿಸುವುದು ಸುಲಭ.

ಇಂದಿನ ಪ್ರಶ್ನೆ: ಇವತ್ತು ನಾನು ಯಾವುದಕ್ಕೆ ತಯಾರಿ ಮಾಡುತ್ತಿದ್ದೇನೆ? ಅದು ಅಗತ್ಯವೋ, ಬರೀ ಇಚ್ಛೆಯೋ?

ಭವತು ಸಬ್ಬ ಮಂಗಲಂ.