ಇನ್ನೊಬ್ಬರ ದನಿಯಲ್ಲಿ

ಒಂದು ಕಲೆಯಲ್ಲಿ ಗಳಿಸಿದ ಹೆಸರನ್ನು ಇನ್ನೊಂದು ಕಲೆಯ ಬಾಗಿಲಲ್ಲಿ ಟಿಕೆಟ್ಟಿನಂತೆ ತೋರಿಸಿ ಒಳಗೆ ಹೋಗಬಹುದೇ? ಹ್ಯೂ ಲಾರಿಯ ಹಾಡು ಕೇಳುವಾಗಲೆಲ್ಲ ಈ ಪ್ರಶ್ನೆ ನನ್ನ ಬೆನ್ನು ಹತ್ತುತ್ತದೆ. ಹಾಡು ಇಷ್ಟವಾಗದಿದ್ದರೆ ಪ್ರಶ್ನೆಯೂ ಬರುತ್ತಿರಲಿಲ್ಲವೇನೋ. ಇಷ್ಟವಾಗುತ್ತದೆ, ಅದೇ ಫಜೀತಿ.

ಲಾರಿ ಎಂದರೆ ನಮ್ಮಲ್ಲಿ ಬಹಳ ಜನರಿಗೆ ‘ಹೌಸ್’ ಧಾರಾವಾಹಿಯ ಡಾಕ್ಟರು. 2004ರಿಂದ 2012ರವರೆಗೆ ಎಂಟು ಸೀಸನ್, 177 ಕಂತು. ಕೋಲೂರಿಕೊಂಡು ಕುಂಟುತ್ತ, ನೋವಿನ ಮಾತ್ರೆ ನುಂಗುತ್ತ, ಎದುರಿಗೆ ಸಿಕ್ಕವರನ್ನೆಲ್ಲ ಮಾತಿನಲ್ಲೇ ಚುಚ್ಚುವ ಅಮೆರಿಕನ್ ವೈದ್ಯ. ನಟನೇನೋ 1959ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿ, ಈಟನ್, ಕೇಂಬ್ರಿಜ್‌ಗಳಲ್ಲಿ ಓದಿದ ಅಪ್ಪಟ ಇಂಗ್ಲಿಷ್ ಮನುಷ್ಯ. ನಮೀಬಿಯಾದಲ್ಲಿ ಸಿನಿಮಾ ಶೂಟಿಂಗಿಗೆ ಹೋಗಿದ್ದಾಗ ಹೋಟೆಲಿನ ಬಚ್ಚಲುಮನೆಯಲ್ಲಿ ನಿಂತು ತನ್ನ ಆಡಿಶನ್ ಟೇಪು ಮಾಡಿ ಕಳಿಸಿದ. ಅದನ್ನು ನೋಡಿದ ನಿರ್ದೇಶಕ ಬ್ರಯನ್ ಸಿಂಗರ್ ಈತ ಅಮೆರಿಕದವನೇ ಎಂದು ನಂಬಿದರಂತೆ. ಈ ಕಥೆಯನ್ನು ಹೇಳುವವರೆಲ್ಲ ಮೆಚ್ಚುಗೆಯಿಂದಲೇ ಹೇಳುತ್ತಾರೆ. ಎಂತಹ ನಟ ನೋಡಿ, ಎನ್ನುತ್ತಾರೆ.

2011ರಲ್ಲಿ ಇದೇ ಲಾರಿ ‘ಲೆಟ್ ದೆಮ್ ಟಾಕ್’ ಎಂಬ ಆಲ್ಬಮ್ ತಂದ. ನ್ಯೂ ಆರ್ಲಿಯನ್ಸಿನ ಬ್ಲೂಸ್ ಹಾಡುಗಳು; ಪಿಯಾನೋ, ಹಾಡುಗಾರಿಕೆ ಎರಡೂ ಅವನದೇ. ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಈಗ ಮೆಚ್ಚುಗೆಯ ಜೊತೆಗೆ ಅನುಮಾನವೂ ಬಂತು: ಈಟನ್ನಿನ ಹುಡುಗನಿಗೆ ಬ್ಲೂಸ್ ಹಾಡಲು ಏನು ಹಕ್ಕು? ತಾನು ಆ ನೆಲಕ್ಕೆ ಅತಿಕ್ರಮವಾಗಿ ನುಗ್ಗಿದವನು ಎಂದು ಆಲ್ಬಮ್ಮಿನ ಟಿಪ್ಪಣಿಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ.

ನನಗೆ ಕುತೂಹಲ ಇಲ್ಲಿದೆ. ಅದೇ ಗಂಟಲು, ಅದೇ ಎರವಲು ಉಚ್ಚಾರ. ಡಾಕ್ಟರಾಗಿ ಮಾತಾಡಿದರೆ ಪ್ರತಿಭೆ, ಹಾಡಿದರೆ ಕಳವು. ಯಾಕೆ? ನಟನೆ ಸುಳ್ಳು ಎಂದು ನೋಡುವವರೂ ಆಡುವವರೂ ಮೊದಲೇ ಒಪ್ಪಂದ ಮಾಡಿಕೊಂಡಿರುತ್ತೇವೆ. ಹಾಡನ್ನು, ಅದರಲ್ಲೂ ಬ್ಲೂಸನ್ನು, ಹಾಡುವವರ ಸ್ವಂತ ನೋವಿನ ಹೇಳಿಕೆ ಎಂದು ನಂಬುತ್ತೇವೆ. ಕಂಪನಿ ನಾಟಕಗಳ ಕಾಲದ ನಮ್ಮ ಪ್ರೇಕ್ಷಕರಿಗೆ ಈ ಗೆರೆಯೇ ವಿಚಿತ್ರವಾಗಿ ಕಂಡೀತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರ್ ಹಾಡಿದಾಗ ಅದು ಪಾತ್ರದ ದುಃಖವೋ ಅವರದೋ ಎಂದು ಯಾರೂ ತೂಗಿ ನೋಡಲಿಲ್ಲ.

ಆದರೂ ಬ್ಲೂಸಿನ ವಿಷಯದಲ್ಲಿ ಆ ಉತ್ತರ ಸಾಲದು. ಅದು ಗುಲಾಮಗಿರಿಯ ಬೇರಿನಿಂದ ಚಿಗುರಿದ ಸಂಗೀತ. ಹಾಗೆಂದು ಹಾಡುಗಳ ವಂಶಾವಳಿ ಸರಳವಾಗಿಯೂ ಇಲ್ಲ. ಆಲ್ಬಮ್ಮಿನ ಮೊದಲ ಹಾಡು ‘ಸೇಂಟ್ ಜೇಮ್ಸ್ ಇನ್‌ಫರ್ಮರಿ’. 1928ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಧ್ವನಿಮುದ್ರಿಸಿದ ಹಾಡದು. ಅದರ ಮೂಲ ಬ್ರಿಟಿಷ್ ದ್ವೀಪಗಳ ಹಳೆಯ ಜನಪದ ಗೀತೆಯೊಂದರಲ್ಲಿದೆ ಎನ್ನುವವರಿದ್ದಾರೆ. ಹಾಗಾದರೆ ಯಾರು ಯಾರ ಮನೆಗೆ ನುಗ್ಗಿದ ಹಾಗಾಯಿತು?

ಹಕ್ಕಿನ ಪ್ರಶ್ನೆಯನ್ನು ಸ್ವಲ್ಪ ಬದಿಗಿಡೋಣ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡುವವನು ಪ್ರೊಫೆಸರ್ ಲಾಂಗ್‌ಹೇರ್. ನಿಜವಾದ ಹೆಸರು ಹೆನ್ರಿ ರೋಲಂಡ್ ಬರ್ಡ್, ಹುಟ್ಟಿದ್ದು 1918ರಲ್ಲಿ. ರುಂಬಾದ ಲಯವನ್ನು ಬ್ಲೂಸಿನೊಳಗೆ ಬೆರೆಸಿ ನ್ಯೂ ಆರ್ಲಿಯನ್ಸಿನ ಪಿಯಾನೋಗೆ ಹೊಸ ನಡಿಗೆ ಕಲಿಸಿದವನು. 1953ರಲ್ಲಿ ಅವನು ‘ಟಿಪಿಟೀನಾ’ ಧ್ವನಿಮುದ್ರಿಸಿದ. ಆಮೇಲೆ ಜನ ಮರೆತರು. 1960ರ ದಶಕದಲ್ಲಿ ಅವನು ಒಂದು ರೆಕಾರ್ಡ್ ಅಂಗಡಿಯಲ್ಲಿ ಕಸ ಗುಡಿಸುತ್ತಿದ್ದ. ಯೋಚಿಸಿ, ರೆಕಾರ್ಡ್ ಅಂಗಡಿಯಲ್ಲಿ! 1971ರ ಸಂಗೀತೋತ್ಸವದಲ್ಲಿ ಮತ್ತೆ ವೇದಿಕೆ ಸಿಕ್ಕಿತು, 1980ರಲ್ಲಿ ತೀರಿಕೊಂಡ. ಲಾರಿಯ ಆಲ್ಬಮ್ಮಿನಲ್ಲಿ ‘ಟಿಪಿಟೀನಾ’ ಇದೆ.

ಲಾರಿ ಇದರಲ್ಲಿ ಯಾವ ಮೋಸವನ್ನೂ ಮಾಡಿಲ್ಲ. ಚಿಕ್ಕಂದಿನಿಂದ ಪ್ರೀತಿಸಿದ ಸಂಗೀತವನ್ನೇ ನುಡಿಸಿದ. ಲಾಂಗ್‌ಹೇರ್‌ನಿಂದ ಕಲಿತ ಅಲನ್ ಟೂಸ್ಸಾಂಟ್ ಈ ಆಲ್ಬಮ್ಮಿಗೆ ತುತ್ತೂರಿಗಳ ಮೇಳವನ್ನು ಹೊಂದಿಸಿದರು. ನ್ಯೂ ಆರ್ಲಿಯನ್ಸಿನವರೇ ಆದ ಇರ್ಮಾ ಥಾಮಸ್, ಡಾಕ್ಟರ್ ಜಾನ್ ಹಾಡಿದರು. ಮನೆಯವರೇ ಕರೆದು ಕೂರಿಸಿದ ಮೇಲೆ ಅತಿಕ್ರಮಣ ಎಲ್ಲಿಯದು, ಎಂದು ಕೇಳಬಹುದು. ಒಪ್ಪುತ್ತೇನೆ. ಆದರೆ ಇದ್ದವರ ಒಪ್ಪಿಗೆ ಸತ್ತವರ ಒಪ್ಪಿಗೆಯಲ್ಲ. ಮೇಲಾಗಿ ಸ್ಟುಡಿಯೋದ ಬಾಗಿಲು ತೆರೆದದ್ದು ಪ್ರೀತಿಗಲ್ಲ, 177 ಕಂತುಗಳಿಗೆ. ಅಷ್ಟೇ ಪ್ರೀತಿಯಿದ್ದು ಅವನಿಗಿಂತ ಚೆನ್ನಾಗಿ ನುಡಿಸುವವರು ಆ ಊರಿನ ಬಾರುಗಳಲ್ಲಿ ಎಷ್ಟು ಮಂದಿ ಇರಬಹುದು! ತಪ್ಪಿತಸ್ಥನಿಲ್ಲದ ಅನ್ಯಾಯವೊಂದು ಇಲ್ಲಿದೆ ಎಂದು ನನಗನ್ನಿಸುತ್ತದೆ. ತಪ್ಪಿತಸ್ಥ ಸಿಗಲಿಲ್ಲವೆಂದು ನಾವು ಅನ್ಯಾಯವೇ ಇಲ್ಲ ಎಂದುಬಿಡುತ್ತೇವೆ. ಇಲ್ಲವೇ, ಅನ್ಯಾಯ ಕಂಡಿತಲ್ಲ ಎಂದು ಕೈಗೆ ಸಿಕ್ಕವನನ್ನು ತಪ್ಪಿತಸ್ಥನನ್ನಾಗಿ ಮಾಡುತ್ತೇವೆ. ಎರಡೂ ಸೋಮಾರಿತನ.

ಇನ್ನೊಂದು ಮಾತನ್ನೂ ಹೇಳಬೇಕು. ಲಾಂಗ್‌ಹೇರ್ ಎಂಬ ಹೆಸರು ನನ್ನ ಕಿವಿಗೆ ಬಿದ್ದದ್ದು ಲಾರಿಯಿಂದಲೇ. ಧಾರಾವಾಹಿ ನೋಡದಿದ್ದರೆ ಆಲ್ಬಮ್ ಕೇಳುತ್ತಿರಲಿಲ್ಲ. ಆಲ್ಬಮ್ ಕೇಳದಿದ್ದರೆ 1953ರ ಆ ಧ್ವನಿಮುದ್ರಿಕೆಯನ್ನು ಹುಡುಕುತ್ತಿರಲಿಲ್ಲ. ನಾನು ಮೆಚ್ಚಿ ಕೇಳುವ ಎಷ್ಟೋ ಸಂಗೀತ ಇಂಥ ವಕ್ರದಾರಿಯಲ್ಲೇ ನನ್ನ ತನಕ ಬಂದಿದೆ. ಹಳೆಯ ‘ಟಿಪಿಟೀನಾ’ದಲ್ಲಿ ಅವನ ದನಿ ಒಂದೆಡೆ ಸೀಳಿದಂತಾಗುತ್ತದೆ, ಎಡಗೈ ಮಾತ್ರ ತನ್ನ ಪಾಡಿಗೆ ಕುಣಿಯುತ್ತಲೇ ಇರುತ್ತದೆ. ಈಗ ನಾನು ಯಾರಿಗಾದರೂ ಹಾಡು ಕಳಿಸುವಾಗ ಅದನ್ನೇ ಮೊದಲು ಕಳಿಸುತ್ತೇನೆ. ಲಾರಿಯದು ಆಮೇಲೆ, ಅವರು ಕೇಳಿದರೆ.