*ಇಂದಿನ ಧಮ್ಮ ಚಿಂತನೆ: ಟ್ರಂಕಿನ ತಳದ ಸೀರೆ*



ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕನ್ನಡ ಕಲಿಸುತ್ತಿರುವ ನನಗೆ ಕೌದಿ ಹೊಲಿಯಲು ಮಾತ್ರ ಬರುತ್ತಿರಲಿಲ್ಲ. ಮುದ್ದೇಬಿಹಾಳದಲ್ಲಿರುವ ತಂಗಿಗೆ ಕೂಸು ಹುಟ್ಟಿತು. ಈ ಸಲವಾದರೂ ಕಲಿಯೋಣವೆಂದು ಬೇಸಿಗೆ ರಜೆಯಲ್ಲಿ ಸಿಂದಗಿಗೆ, ಅವ್ವನ ಮನೆಗೆ ಹೋದೆ.

ಅವ್ವ ಹೇಳಿಕೊಟ್ಟ ಕ್ರಮ ಇಷ್ಟು: ತೊಳೆದು ಒಣಗಿಸಿದ ಹಳೆಯ ಸೀರೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಬೇಕು. ಅದರ ಮೇಲೆ ಮೆತ್ತನೆಯ ಅರಿವೆಯ ಪದರು, ಎಲ್ಲಕ್ಕೂ ಮೇಲೆ ಬಣ್ಣಬಣ್ಣದ ತುಂಡುಗಳು. ಜರುಗದಂತೆ ಮೊದಲು ದೂರದೂರ ಟಾಕು ಹಾಕಿ, ಆಮೇಲೆ ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರಬೇಕು. ದಾರ ಜಗ್ಗಬಾರದು. ಮೊದಲ ದಿನ ಅರಿವೆಗಿಂತ ನನ್ನ ಬೆರಳಿಗೇ ಸೂಜಿ ಹೆಚ್ಚು ಚುಚ್ಚಿತು.

ಅರಿವೆ ಹುಡುಕುವಾಗ ಟ್ರಂಕಿನ ತಳದಲ್ಲಿ ಒಂದು ಹಸಿರು ಸೀರೆ ಸಿಕ್ಕಿತು. ನೋಡಿದ ಕೂಡಲೇ ಗುರುತು ಹತ್ತಿತು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅವ್ವ ಕೂಲಿಗೆ ಹೋಗುತ್ತಿದ್ದ ಮನೆಯವರು ಕೊಟ್ಟದ್ದು. ಅವ್ವ ಅಂಗಳದಲ್ಲಿ ನಿಂತು ಸೆರಗು ಒಡ್ಡಿದ್ದಳು. ಅವರು ಕಟ್ಟೆಯ ಮೇಲಿಂದ, ಕೈ ತಾಗದಂತೆ ಅದನ್ನು ಬಿಟ್ಟಿದ್ದರು. ಅವ್ವ ಅದನ್ನು ಒಮ್ಮೆಯೂ ಉಡಲಿಲ್ಲ.

ಚಂಡಾಲರಿಗೆ ಹೆಣದ ಬಟ್ಟೆಯೇ ಉಡುಗೆ ಎಂದು ಮನುಸ್ಮೃತಿಯ ಹತ್ತನೇ ಅಧ್ಯಾಯ ವಿಧಿಸುತ್ತದೆ. ಆ ಗ್ರಂಥವನ್ನು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಡಲಾಯಿತು. ಜಾತಿಯ ಗುರುತಾಗುವ ಉಡುಗೆ ತೊಡುಗೆ ಬಿಡಿ ಎಂದು ಅವರು ಅಲ್ಲಿ ಹೆಣ್ಣುಮಕ್ಕಳಿಗೂ ಹೇಳಿದರು. ಹಾಗಿರುವಾಗ ಈ ಸೀರೆಯ ಮೇಲೆ ನಮ್ಮ ಕೂಸು ಮಲಗಬೇಕೇ?

ಇನ್ನೊಂದು ಕಡೆ ವಿನಯಪಿಟಕವಿದೆ. ಭಿಕ್ಷುಗಳು ತಿಪ್ಪೆಯಿಂದ, ಸ್ಮಶಾನದಿಂದ ಚಿಂದಿ ಆಯ್ದು, ತೊಳೆದು, ಹೊಲಿದು ಉಡುತ್ತಿದ್ದರು. ಅದು ಪಂಸುಕೂಲ. ಬದುಗಳಿರುವ ಮಗಧದ ಗದ್ದೆಗಳಂತೆ ತುಂಡು ಜೋಡಿಸಿ ಚೀವರದ ಮಾದರಿ ಮಾಡಿದವರು ಆನಂದರು. ವೈದ್ಯ ಜೀವಕ ಬೆಲೆಬಾಳುವ ಬಟ್ಟೆ ಅರ್ಪಿಸಿದಾಗ ಭಗವಾನರು ಸ್ವೀಕರಿಸಿದರು. ಚಿಂದಿಯೋ, ಗೃಹಸ್ಥರು ಕೊಟ್ಟ ಬಟ್ಟೆಯೋ, ಅದು ಭಿಕ್ಷುವಿನ ಇಚ್ಛೆ ಎಂದರು. ಮನು ಹೇರಿದ್ದೂ ಹೆಣದ ಬಟ್ಟೆಯೇ, ಭಿಕ್ಷು ಆಯ್ದುಕೊಂಡದ್ದೂ ಹೆಣದ ಬಟ್ಟೆಯೇ. ನಡುವಿನ ಅಂತರ ಸ್ವಂತ ಇಚ್ಛೆಯದು. ಆದರೆ ಅವ್ವನಿಗೆ ಆ ದಿನ ಯಾವ ಇಚ್ಛೆಯಿತ್ತು?

ನನಗೆ ಉತ್ತರ ಸಿಗಲಿಲ್ಲ. ಎಸೆಯಲೂ ಆಗದೆ, ಮೇಲೆ ಕಾಣುವಂತೆ ಹಚ್ಚಲೂ ಆಗದೆ, ಸೀರೆಯನ್ನು ಮಡಿಸಿ ಒಳಪದರಿನಲ್ಲಿ ಮುಚ್ಚಿ ಹೊಲಿದುಬಿಟ್ಟೆ. ನಾಲ್ಕನೇ ದಿನ ನಡುವಿಗೆ ಬಂದಾಗ ಆ ದಪ್ಪ ಮಡಿಕೆಯಲ್ಲಿ ಸೂಜಿ ಇಳಿಯಲಿಲ್ಲ. ಸುತ್ತಲಿನ ಅರಿವೆಯೆಲ್ಲ ಸುಕ್ಕುಗಟ್ಟಿತು. ಅವ್ವ ಮೇಲೆ ಕೈಯಾಡಿಸಿ, “ಒಳಗೇನ್ ಇಟ್ಟಿ?” ಅಂದಳು. ಹೇಳಿದೆ.

“ಯಾಕ ಮುಚ್ಚಿದಿ? ಅವರೇನ್ ಪುಕ್ಕಟ ಕೊಟ್ಟಿದ್ದಲ್ಲವಾ ಅದು. ಹದಿನೈದು ದಿನ ಜ್ವಾಳಾ ಕೊಯ್ದಿದ್ದೆ. ರೊಕ್ಕ ಕೇಳಿದ್ರ ಸೀರಿ ಒಗದ್ರು. ಅದು ನನ್ನ ಕೂಲಿ. ಹೊಲಿಗಿ ಬಿಚ್ಚು, ಮ್ಯಾಲ ಹಚ್ಚು.”

ಮೂವತ್ತೈದು ವರ್ಷ ನಾನು ಅದನ್ನು ದಾನವೆಂದು ತಿಳಿದು ನಾಚಿಕೊಂಡಿದ್ದೆ. ಕೊಟ್ಟವರು ಇಟ್ಟ ಹೆಸರನ್ನೇ ನಂಬಿದ್ದೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂದು ಪಂಚಶೀಲದಲ್ಲಿ ದಿನವೂ ಹೇಳುತ್ತೇವೆ. ದುಡಿದವಳ ರೊಕ್ಕ ಇಟ್ಟುಕೊಂಡು ಹಳೆ ಸೀರೆ ಒಗೆದವರು ಮುರಿದದ್ದು ಆ ಶೀಲವನ್ನೇ. ಇದ್ದದ್ದನ್ನು ಇದ್ದಂತೆ ಕಾಣುವುದು ಸಮ್ಯಕ್ ದೃಷ್ಟಿ ಎಂದು ಓದಿದ್ದೆ. ಅಕ್ಷರ ಬಾರದ ಅವ್ವನಿಗೆ ಅದು ನನಗಿಂತ ಮೊದಲೇ ಇತ್ತು.

ಬಿಚ್ಚಲು ಎರಡು ದಿನ ಹಿಡಿಯಿತು. ಹಸಿರು ಸೀರೆ ಈಗ ನಾಲ್ಕು ಮೂಲೆಗೂ ಇದೆ. ಹೊಲಿಗೆ ಇನ್ನೂ ಸೊಟ್ಟಗೇ ಇದೆ.

ತಂಗಿಗೆ ಮಾತ್ರ ಪೂರ್ತಿ ಒಪ್ಪಿಗೆಯಿಲ್ಲ. “ಕೂಸಿಗ್ಯಾಕಕ್ಕಾ ಆ ನೆನಪು?” ಅನ್ನುತ್ತಾಳೆ. ಅವಳ ಮಾತನ್ನೂ ತಳ್ಳಿಹಾಕಲಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಂಧುಗಳೇ, ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ಇರಬಹುದು. ನಿಮ್ಮ ಮಕ್ಕಳಿಗೆ ಏನು ಹೇಳಿದ್ದೀರಿ? ಭಾನುವಾರದ ವಂದನೆಯ ನಂತರ ಮಾತಾಡೋಣ.

ಭವತು ಸಬ್ಬ ಮಂಗಲಂ 🙏